ಶೇವಿಂಗ್ ಸೋಪು: ದಾವಣಗೆರೆ, ಚಿತ್ರದುರ್ಗದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಷ್ಷಿನಲ್ಲಿ ನೊರೆ ಎಬ್ಬಿಸಿ ಶೇವ್ ಮಾಡಿಕೊಳ್ಳುವ ಹಳೇ ರೂಢಿ ಮತ್ತೆ ಶುರುವಾಗಿದೆ. ಅದರ ಜೊತೆ ಪ್ರಶ್ನೆಗಳೂ ಬರುತ್ತಿವೆ. ಎದುರಿಗೆ ಕೇಳಿದ್ದು, ಫೋನಿನಲ್ಲಿ ಬರೆದು ಕಳಿಸಿದ್ದು, ಎಲ್ಲವನ್ನೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಬೇಕಾದ ಪ್ರಶ್ನೆಗೆ ನೇರ ಹೋಗಿ, ಎಲ್ಲ ಓದಬೇಕು ಅಂತೇನಿಲ್ಲ. ಆದರೆ ಮನೆಗೆ ಬೋರ್ ನೀರು ಬರುವವರು ನೀರಿನ ಭಾಗವನ್ನು ಬಿಡಬೇಡಿ.

## ಮೊದಮೊದಲು ಕೇಳುವವು

"ಟ್ಯೂಬ್ ಕ್ರೀಮ್ ಇರುವಾಗ ಸೋಪು ಯಾಕೆ ಸರ್? ಶೋಕಿನಾ?"

ಸ್ವಲ್ಪ ಶೋಕಿ ಇದೆ, ಇಲ್ಲ ಅನ್ನಲ್ಲ. ಆದರೆ ಬರೀ ಶೋಕಿ ಅಲ್ಲ. ನಿಜ ಹೇಳಬೇಕಂದ್ರೆ ಟ್ಯೂಬಿನ ಕ್ರೀಮೂ ಸೋಪೇ. ಅದರಲ್ಲಿ ನೀರಿನ ಅಂಶ ಜಾಸ್ತಿ, ಅದಕ್ಕೇ ಮೆತ್ತಗಿರುತ್ತದೆ. ಗಟ್ಟಿ ಬಿಲ್ಲೆಯಲ್ಲಿ ನೀರು ತೀರಾ ಕಡಿಮೆ. ಹಾಗಾಗಿ ಒಂದು ಬಿಲ್ಲೆ ತಿಂಗಳುಗಟ್ಟಲೆ ಬಾಳುತ್ತದೆ. ನೊರೆ ಎಷ್ಟು ಗಟ್ಟಿ ಇರಬೇಕು, ಎಷ್ಟು ನೀರು ಕುಡಿಯಬೇಕು ಅನ್ನುವುದೂ ನಿಮ್ಮ ಕೈಯಲ್ಲೇ ಇರುತ್ತದೆ.

ಒತ್ತಿದರೆ ಬುಸ್ಸೆಂದು ಬರುವ ಡಬ್ಬಿ ಫೋಮ್‌ನ ಕಥೆ ಬೇರೆ. ಅದು ಗ್ಯಾಸ್ ಉಬ್ಬಿಸಿದ ನೊರೆ. ನೀರು ಎಷ್ಟಿರಬೇಕು ಅಂತ ಕಂಪನಿಯವರು ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಅವಸರಕ್ಕೆ ಆಗುತ್ತದೆ, ಬಿರುಸು ಗಡ್ಡಕ್ಕೆ ಸಾಲುವುದಿಲ್ಲ.

"ಸ್ನಾನದ ಸೋಪಲ್ಲೇ ಶೇವ್ ಮಾಡ್ಕೊಂಡ್ರೆ ಆಗಲ್ವಾ? ಮನೇಲಿ ಮೈಸೂರ್ ಸ್ಯಾಂಡಲ್ ಇದ್ದೇ ಇರುತ್ತೆ."

ಲಾಡ್ಜಿನಲ್ಲಿ ಸಿಕ್ಕಿಹಾಕಿಕೊಂಡಾಗ ಆಗುತ್ತದೆ. ದಿನಾ ಬೇಡ. ಸ್ನಾನದ ಸೋಪಿನ ಕೆಲಸ ಕೊಳೆ ಎಬ್ಬಿಸಿ ಬೇಗ ತೊಳೆದುಹೋಗುವುದು. ಶೇವಿಂಗ್ ಸೋಪಿನ ಕೆಲಸ ಅದಕ್ಕೆ ತದ್ವಿರುದ್ಧ. ಮುಖದ ಮೇಲೆ ನೀರನ್ನು ಹಿಡಿದು ಕೂರಬೇಕು, ಬ್ಲೇಡು ಜಾರುವಂತೆ ಮಾಡಬೇಕು. ಸ್ನಾನದ ಸೋಪಿನ ನೊರೆಯಲ್ಲಿ ದೊಡ್ಡ ದೊಡ್ಡ ಗುಳ್ಳೆ. ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಇನ್ನೊಂದು ಕೆನ್ನೆಯಲ್ಲಿ ಒಡೆದುಹೋಗಿರುತ್ತದೆ.

ಕೆಲವರು ಪ್ಯಾಕಿನ ಮೇಲಿನ ಟಿಎಫ್‌ಎಂ, ಅಂದರೆ ಸೋಪಿನಲ್ಲಿರುವ ಒಟ್ಟು ಕೊಬ್ಬಿನಂಶದ ಶೇಕಡಾವಾರು ಅಂಕಿ ತೋರಿಸುತ್ತಾರೆ. 76ಕ್ಕಿಂತ ಮೇಲಿದ್ದರೆ ಮೊದಲ ದರ್ಜೆ ಅನ್ನುವುದು ಸ್ನಾನದ ಸೋಪಿನ ಲೆಕ್ಕ. ಶೇವಿಂಗ್‌ಗೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಮೈಸೂರ್ ಸ್ಯಾಂಡಲ್ ಒಳ್ಳೇ ಸೋಪು, ಅದನ್ನು ಬಚ್ಚಲಿಗೇ ಬಿಡಿ.

"ಶುರು ಮಾಡೋಕೆ ಏನೇನು ತಗೋಬೇಕು?"

ಒಂದು ಸಿಂಥೆಟಿಕ್ ಬ್ರಷ್, ಒಂದು ಸೋಪು ಅಥವಾ ಕ್ರೀಮು, ಅಡುಗೆ ಮನೆಯಲ್ಲಿ ಯಾರೂ ಬಳಸದ ಒಂದು ಸ್ಟೀಲ್ ಬಟ್ಟಲು. ಅಷ್ಟೇ. ರೇಜರ್ ಈಗಿರುವುದೇ ಸಾಕು, ಮೂರು ಬ್ಲೇಡಿನದಾದರೂ ಪರವಾಗಿಲ್ಲ. ಒಂದೇ ಸಲ ಎಲ್ಲ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ.

"ನೊರೆ ಬರ್ತದೆ, ಆದ್ರೆ ಹಚ್ಚಿದ ಎರಡೇ ನಿಮಿಷಕ್ಕೆ ಮುಖದ ಮೇಲೆ ಒಣಗಿ ಬಿಡ್ತದೆ. ಸೋಪು ಸರಿ ಇಲ್ವಾ?"

ಹತ್ತರಲ್ಲಿ ಒಂಬತ್ತು ಸಲ ಸೋಪಿನ ತಪ್ಪಲ್ಲ. ಸೋಪು ಕಡಿಮೆ ತೆಗೆದುಕೊಂಡಿರುತ್ತೀರಿ, ಇಲ್ಲವೇ ನೀರು ಕಡಿಮೆ ಹಾಕಿರುತ್ತೀರಿ.

ಹೀಗೆ ಮಾಡಿ ನೋಡಿ. ಬ್ರಷ್ಷನ್ನು ನೀರಿನಲ್ಲಿ ಅದ್ದಿ, ಎರಡು ಸಲ ಜಾಡಿಸಿ. ಒದ್ದೆ ಇರಬೇಕು, ತೊಟ್ಟಿಕ್ಕಬಾರದು. ಬಿಲ್ಲೆಯ ಮೇಲೆ ಅರ್ಧ ನಿಮಿಷ ತಿರುಗಿಸಿ. ಮೊದಲು ಬಿಳೀ ಗುಳ್ಳೆ ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ. ಇನ್ನೂ ತಿರುಗಿಸುತ್ತಾ ಹೋದರೆ ಗುಳ್ಳೆ ಮಾಯವಾಗಿ, ಬ್ರಷ್ಷಿನ ತುದಿಯಲ್ಲಿ ಅಂಟಂಟಾದ ಪೇಸ್ಟು ಕೂರುತ್ತದೆ. ಅದು ಬೇಕಾದದ್ದು. ಈಗ ಬಟ್ಟಲಿಗೆ ಬಂದು ತಿರುಗಿಸಿ, ಬೆರಳ ತುದಿಯಿಂದ ನಾಲ್ಕೈದು ಹನಿ ನೀರು ಬಿಡಿ, ಮತ್ತೆ ತಿರುಗಿಸಿ, ಮತ್ತೆ ಹನಿ ಬಿಡಿ. ನೊರೆ ಮಂಕಾಗಿ ಕಂಡರೆ ನೀರು ಇನ್ನೂ ಬೇಕು ಅಂತ ಅರ್ಥ. ಗಟ್ಟಿ ಮೊಸರಿನ ಹಾಗೆ ಮೇಲೆ ಹೊಳಪು ಬಂದು, ಗುಳ್ಳೆ ಕಣ್ಣಿಗೆ ಕಾಣದ ಹಾಗಾದರೆ ಹದ ಬಂತು. ಹೆಬ್ಬೆರಳು, ತೋರುಬೆರಳ ನಡುವೆ ಚೂರು ಉಜ್ಜಿ ನೋಡಿ. ಜಾರಬೇಕು, ಕಿರುಗುಟ್ಟಬಾರದು.

ಇನ್ನೊಂದು ಮಾತು. ಫ್ಯಾನ್ ಆಫ್ ಮಾಡಿ. ಸುಮ್ನೆ ಹೇಳುತ್ತಿಲ್ಲ. ಗುಡ್ಡದ ಮೇಲೆ ಸಾಲು ಸಾಲು ಗಾಳಿಯಂತ್ರ ನಿಲ್ಲಿಸಿರುವ ಊರು ದುರ್ಗ. ಅಲ್ಲಿ ಕಿಟಕಿ ತೆರೆದು ಶೇವ್ ಮಾಡಿಕೊಂಡರೆ ಎಂಥ ನೊರೆಯೂ ನಿಲ್ಲಲ್ಲ.

## ನೀರಿನ ಮಾತು

"ನಮ್ಮ ಬೋರ್ ನೀರಿಗೆ ಯಾವ ಸೋಪೂ ನೊರೆ ಕೊಡಲ್ಲ. ಯಾವ ಬ್ರ್ಯಾಂಡ್ ತಗೋಬೇಕು ಹೇಳಿ."

ಬ್ರ್ಯಾಂಡ್ ಆಮೇಲೆ, ಮೊದಲು ನೀರು ಬದಲಾಯಿಸಿ. ಸವಳು ನೀರಿನಲ್ಲಿ, ಅಂದರೆ ಗಡಸು ನೀರಿನಲ್ಲಿ, ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಸೋಪು ಮೊದಲು ಇವಕ್ಕೆ ಅಂಟಿಕೊಂಡು ಕರಗದ ಬಿಳೀ ಚೂರುಗಳಾಗುತ್ತದೆ. ಬಕೆಟ್ಟಿನ ಅಂಚಿಗೆ, ಮಗ್ಗಿನ ಒಳಗೆ ಬೂದು ಬಣ್ಣದ ಪಟ್ಟಿ ಕಟ್ಟುತ್ತದಲ್ಲ, ಅದೇ ಇದು. ನೀರಿನಲ್ಲಿರುವ ಕ್ಯಾಲ್ಸಿಯಂ ಎಲ್ಲ ಮುಗಿಯುವ ತನಕ ಸೋಪು ಹೀಗೆ ದಂಡವಾಗುತ್ತದೆ. ಉಳಿದದ್ದು ಮಾತ್ರ ನೊರೆ. ನಿಮ್ಮ ಸೋಪು ಬೇಗ ಸವೆಯುವುದಕ್ಕೂ ಇದೇ ಕಾರಣ.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 600ರ ತನಕ ಒಪ್ಪಬಹುದು. ಕುಡಿಯಲು ಒಪ್ಪಿದರೂ 600ರ ನೀರು ನೊರೆಗೆ ದೊಡ್ಡ ಶತ್ರು.

ಪರಿಹಾರ ಸುಲಭ. ಶೇವಿಂಗ್‌ಗೆ ಬೇಕಾದದ್ದು ಒಂದು ಲೋಟ ನೀರು. ಊರಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ಇದೆ ಅಲ್ವಾ? ಆ ಕ್ಯಾನಿನಿಂದ ಒಂದು ಲೋಟ ಬಗ್ಗಿಸಿಕೊಳ್ಳಿ. ಬ್ರಷ್ ಅದ್ದುವುದಕ್ಕೆ, ನೊರೆ ಕಲಸುವುದಕ್ಕೆ ಅದು ಸಾಕು. ಮುಖ ತೊಳೆಯಲು ಬೋರ್ ನೀರೇ ಇರಲಿ. ದಾವಣಗೆರೆ ಪೇಟೆಯಲ್ಲಿ ನಲ್ಲಿಗೆ ತುಂಗಭದ್ರೆ ನೀರು ಬರುವ ದಿನ ಒಂದು ಬಾಟ್ಲಿ ತೆಗೆದಿಟ್ಟುಕೊಂಡರೂ ಆಯಿತು. ಹೊಳೆ ನೀರು, ಕೆರೆ ನೀರು ಸಾಮಾನ್ಯವಾಗಿ ಬೋರ್ ನೀರಿಗಿಂತ ಮೆದು. ಮಳೆ ನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ.

"ನೀರು ಗಡಸೋ ಅಲ್ವೋ ಅಂತ ಮನೇಲೇ ಹೇಗೆ ನೋಡೋದು?"

ಅಡುಗೆ ಮಾಡುವವರನ್ನು ಕೇಳಿ. ತೊಗರಿ ಬೇಳೆ ಬೇಗ ಬೇಯುತ್ತಿಲ್ಲ ಅಂದರೆ ನೀರು ಗಡಸು.

ಇನ್ನೂ ಖಚಿತ ಬೇಕಾದರೆ ಎರಡು ಖಾಲಿ ನೀರಿನ ಬಾಟ್ಲಿ ತೆಗೆದುಕೊಳ್ಳಿ. ಒಂದರಲ್ಲಿ ಅರ್ಧ ಬೋರ್ ನೀರು, ಇನ್ನೊಂದರಲ್ಲಿ ಅರ್ಧ ಕ್ಯಾನ್ ನೀರು. ಎರಡಕ್ಕೂ ಕಡ್ಲೆ ಗಾತ್ರದಷ್ಟು ಶೇವಿಂಗ್ ಸೋಪು ಹೆರೆದು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ, ಐದು ನಿಮಿಷ ಬಿಡಿ. ಕ್ಯಾನ್ ನೀರಿನ ಬಾಟ್ಲಿಯಲ್ಲಿ ನೊರೆ ಕುತ್ತಿಗೆಯವರೆಗೂ ನಿಂತಿರುತ್ತದೆ. ಬೋರ್ ನೀರಿನದರಲ್ಲಿ ನೊರೆ ಇಳಿದು, ನೀರು ಬೆಳ್ಳಗೆ ಕದಡಿ, ಚೂರು ಚೂರು ತೇಲುತ್ತಿರುತ್ತದೆ. ಶಾಂಪೂ ಹಾಕಿ ಈ ಪರೀಕ್ಷೆ ಮಾಡಬೇಡಿ. ಅದು ಸೋಪಲ್ಲ, ಗಡಸು ನೀರಲ್ಲೂ ನೊರೆ ಬರುತ್ತದೆ.

"ನಮ್ಮ ಕಡೆ ನೀರಲ್ಲಿ ಫ್ಲೋರೈಡ್ ಜಾಸ್ತಿ. ಅದಕ್ಕೇ ಹೀಗಾ?"

ಅಲ್ಲ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಫ್ಲೋರೈಡ್ ತೊಂದರೆ ಇರುವುದು ನಿಜ. ಹಲ್ಲಿಗೆ, ಮೂಳೆಗೆ ಅದರಿಂದ ಕೆಡುಕು. ನೊರೆ ಕೆಡಿಸುವುದು ಅದಲ್ಲ, ಕ್ಯಾಲ್ಸಿಯಂ.

"ನೀರು ಕಾಯಿಸಿದ್ರೆ ಸರಿ ಹೋಗುತ್ತಾ? ನಿಂಬೆಹಣ್ಣು ಹಿಂಡಿದ್ರೆ?"

ಕಾಯಿಸಿದರೆ ಅರ್ಧ ಸರಿಹೋಗಬಹುದು. ಚೆನ್ನಾಗಿ ಕುದಿಸಿದರೆ ಒಂದು ಬಗೆಯ ಗಡಸುತನ ಬಿಳೀ ಪದರವಾಗಿ ಹಂಡೆಯ ತಳಕ್ಕೆ ಕೂರುತ್ತದೆ. ಆರಿಸಿ, ಮೇಲಿನ ತಿಳಿ ಬಗ್ಗಿಸಿಕೊಳ್ಳಬಹುದು. ಇನ್ನೊಂದು ಬಗೆ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಬರೀ ಬೆಚ್ಚಗೆ ಮಾಡಿದರಂತೂ ಏನೂ ಬದಲಾಗಲ್ಲ.

ನಿಂಬೆಹಣ್ಣು ಬೇಡ. ಹುಳಿ ಬಿದ್ದರೆ ಸೋಪು ಒಡೆದು ಜಿಡ್ಡಾಗುತ್ತದೆ.

## ಸೋಪಿಗೆ ಸೋಪು

"ಗಟ್ಟಿ ಬಿಲ್ಲೆ, ಮೆತ್ತನೆ ಸೋಪು, ಕಡ್ಡಿ, ಕ್ರೀಮು. ಇದರಲ್ಲಿ ಯಾವುದು ಒಳ್ಳೇದು?"

ಬಿಲ್ಲೆಯನ್ನು ಉರುಳೆಗಳ ನಡುವೆ ಮತ್ತೆ ಮತ್ತೆ ಹಾಯಿಸಿ, ಒತ್ತಿ ಮಾಡಿರುತ್ತಾರೆ. ಬಾಳಿಕೆ ಜಾಸ್ತಿ, ಕೈಗೆ ಕೆಲಸವೂ ಜಾಸ್ತಿ. ಮೆತ್ತನೆ ಸೋಪು ಇಟಲಿಯವರ ಶೈಲಿ. ಬ್ರಷ್ ಇಟ್ಟ ಕೂಡಲೇ ಏರುತ್ತದೆ, ಬೇಗ ಖಾಲಿಯೂ ಆಗುತ್ತದೆ. ಕಡ್ಡಿಯನ್ನು ನೇರ ಒದ್ದೆ ಗಡ್ಡಕ್ಕೇ ಉಜ್ಜಿ ಬ್ರಷ್ ಆಡಿಸುವುದು. ಬಟ್ಟಲೇ ಬೇಡ, ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಕ್ರೀಮು ಹೊಸಬರಿಗೆ ಸುಲಭ.

ನನ್ನ ಅಭಿಪ್ರಾಯ ಕೇಳಿದರೆ, ಗಡಸು ನೀರಿನ ಊರಲ್ಲಿ ಮೊದಲ ಸೋಪಾಗಿ ಗಟ್ಟಿ ಬಿಲ್ಲೆ ಬೇಡ. ಅದರಿಂದ ಸಾಕಷ್ಟು ಸೋಪು ತೆಗೆಯುವುದು ಮೊದಲೇ ಕಷ್ಟ, ತೆಗೆದದ್ದರಲ್ಲಿ ಅರ್ಧ ನೀರು ತಿನ್ನುತ್ತದೆ. ಮೆತ್ತನೆಯದ್ದು ಅಥವಾ ಕಡ್ಡಿಯಿಂದ ಶುರು ಮಾಡಿ.

"ಪ್ರೊರಾಸೊ, ಅರ್ಕೊ, ಟಬಾಕ್ ಅಂತಾರಲ್ಲ. ಅಷ್ಟು ದುಡ್ಡು ಕೊಡಬಹುದಾ?"

ಮಂಡಿಪೇಟೆಯ ಅಂಗಡಿಯಲ್ಲಿ ಸಿಗುವ ಗೋದ್ರೆಜ್, ಪಾಮೋಲಿವ್, ವಿ-ಜಾನ್ ಟ್ಯೂಬುಗಳನ್ನು ಸರಿಯಾದ ನೀರಿನಲ್ಲಿ, ಸರಿಯಾದ ಬ್ರಷ್ಷಿನಲ್ಲಿ ಕಲಸಿದರೆ ಒಳ್ಳೇ ಶೇವ್ ಕೊಡುತ್ತವೆ. ಅದಕ್ಕಿಂತ ಮೇಲೆ ಹೋಗುವುದು ಇಷ್ಟದ ಮಾತು, ಅಗತ್ಯದ್ದಲ್ಲ.

ಇಷ್ಟ ಇದ್ದವರಿಗೆ: ಅರ್ಕೊ ಟರ್ಕಿಯ ಕಡ್ಡಿ. ಅಗ್ಗ, ನೊರೆ ಭರ್ಜರಿ, ವಾಸನೆ ಮಾತ್ರ ಎಲ್ಲರಿಗೂ ಹಿಡಿಸಲ್ಲ. ಪ್ರೊರಾಸೊ ಇಟಲಿಯದು. ಹಸಿರು ಡಬ್ಬಿಯಲ್ಲಿ ನೀಲಗಿರಿ ಎಣ್ಣೆ, ಮೆಂಥಾಲ್ ಇರುತ್ತದೆ. ಬಿಳಿಯದು ಸೂಕ್ಷ್ಮ ಚರ್ಮದವರಿಗೆ, ಕೆಂಪು ಶ್ರೀಗಂಧದ ವಾಸನೆಯದು. ಗಂಧದ ನಾಡಿನ ಮೂಗಿಗೆ ಅದು ಗಂಧ ಅನ್ನಿಸುತ್ತದೋ ಇಲ್ಲವೋ, ನೀವೇ ನೋಡಿ. ಟಬಾಕ್ ಜರ್ಮನಿಯ ಗಟ್ಟಿ ಸೋಪು. ಪೌಡರ್ ವಾಸನೆ, ಬಹಳ ಹೊತ್ತು ನಿಲ್ಲುತ್ತದೆ. ಮಿಚೆಲ್ಸ್ ವೂಲ್ ಫ್ಯಾಟ್ ಇಂಗ್ಲೆಂಡಿನದು. ಶೇವ್ ಆದ ಮೇಲೆ ಚರ್ಮ ಮೆತ್ತಗೆ ಮಾಡುವುದರಲ್ಲಿ ಇದಕ್ಕೆ ಹೆಸರು. ಆದರೆ ಗಡಸು ನೀರಲ್ಲಿ ತುಂಬಾ ಸತಾಯಿಸುತ್ತದೆ. ಬೋರ್ ನೀರಿನವರು ಕ್ಯಾನ್ ನೀರು ಇಲ್ಲದೆ ಇದನ್ನು ಕೊಳ್ಳಬೇಡಿ.

ಹೊರದೇಶದವರು ಹೊಗಳಿದ ಸೋಪು ಇಲ್ಲಿ ಸಪ್ಪೆ ಅನ್ನಿಸಿದರೆ ಅವರು ಸುಳ್ಳು ಹೇಳಿದ್ದಾರೆ ಅಂತಲ್ಲ. ಅವರ ನಲ್ಲಿಯ ನೀರು ಬೇರೆ, ನಮ್ಮದು ಬೇರೆ.

"ನಾವು ಲಿಂಗಾಯತರು. ಸೋಪಲ್ಲಿ ದನದ ಕೊಬ್ಬು ಇರ್ತದಂತೆ, ಹೌದಾ?"

ಕೆಲವದರಲ್ಲಿ ಹೌದು. ಪ್ಯಾಕಿನ ಹಿಂದೆ ಸೋಡಿಯಂ ಟ್ಯಾಲೋವೇಟ್ ಅಥವಾ ಪೊಟ್ಯಾಸಿಯಂ ಟ್ಯಾಲೋವೇಟ್ ಅಂತ ಇದ್ದರೆ ಅದು ಪ್ರಾಣಿ ಕೊಬ್ಬಿನ ಸೋಪು. ದನದ್ದಿರಬಹುದು, ಕುರಿಯದ್ದಿರಬಹುದು. ಅರ್ಕೊ ಕಡ್ಡಿಯ ಪಟ್ಟಿಯಲ್ಲಿ ಇದು ಇರುತ್ತದೆ. ಟಬಾಕ್ ಬಹಳ ಕಾಲ ಕೊಬ್ಬಿನದೇ ಇತ್ತು, ಆಮೇಲೆ ಸಸ್ಯಜನ್ಯಕ್ಕೆ ಬದಲಾಯಿತು. ಹಾಗಾಗಿ ಹಳೇ ದಾಸ್ತಾನು ಕೈಗೆ ಬಂದರೆ ಹೆಸರು ನಂಬಬೇಡಿ, ಪಟ್ಟಿ ಓದಿ. ಪಾಮೇಟ್, ಕೋಕೋಯೇಟ್ ಅಂತ ಇದ್ದರೆ ತಾಳೆ ಎಣ್ಣೆ, ಕೊಬ್ಬರಿ ಎಣ್ಣೆಯದು. ತೊಡಕಿರುವುದು ಸ್ಟಿಯರಿಕ್ ಆಸಿಡ್ ಅನ್ನುವ ಹೆಸರಲ್ಲಿ. ಅದು ತಾಳೆಯಿಂದಲೂ ಬರುತ್ತದೆ, ಕೊಬ್ಬಿನಿಂದಲೂ ಬರುತ್ತದೆ. ಹಸಿರು ಚುಕ್ಕೆ ಇದೆಯಾ ನೋಡಿ, ಇಲ್ಲದಿದ್ದರೆ ತಯಾರಕರನ್ನೇ ಕೇಳಿ.

ಈ ಪ್ರಶ್ನೆ ಹೊಸದೇನಲ್ಲ. ಗೋದ್ರೆಜ್‌ನವರು ಪ್ರಾಣಿ ಕೊಬ್ಬಿಲ್ಲದ 'ಚಾವಿ' ಸೋಪು ತಂದದ್ದು 1918ರಲ್ಲಿ.

"ಬ್ರಷ್ ಹಂದಿ ಕೂದಲಿಂದು ಅಂತ ಗೊತ್ತಾಯ್ತು ಭಾಯ್. ಬೇರೆ ಏನಿದೆ?"

ಸಿಂಥೆಟಿಕ್ ತೆಗೆದುಕೊಳ್ಳಿ, ಚಿಂತೆಯೇ ಇಲ್ಲ. ಬೋರ್ ಬ್ರಷ್ ಅಂದರೆ ಹಂದಿ ಕೂದಲು. ಬ್ಯಾಜರ್ ಅನ್ನುವುದು ಒಂದು ಕಾಡುಪ್ರಾಣಿಯ ಕೂದಲು. ಕುದುರೆ ಕೂದಲಿನದೂ ಇದೆ. ಅಂಗಡಿಯವರು ಬರೀ 'ನ್ಯಾಚುರಲ್ ಬ್ರಿಸಲ್' ಅಂದರೆ ಹೆಚ್ಚಿನಂಶ ಹಂದಿಯದೇ. ಈಗಿನ ಸಿಂಥೆಟಿಕ್ ಬ್ರಷ್‌ಗಳು ಮೆತ್ತಗಿವೆ, ನೆನೆಸಿಡಬೇಕಿಲ್ಲ, ಬೇಗ ಒಣಗುತ್ತವೆ, ಕಡಿಮೆ ಸೋಪಿನಲ್ಲೇ ನೊರೆ ಎಬ್ಬಿಸುತ್ತವೆ. ಮಡಿ, ಹಲಾಲು ಎಲ್ಲ ಪಕ್ಕಕ್ಕಿಟ್ಟರೂ ನಾನು ಹೇಳುವುದು ಇದನ್ನೇ.

"ಎರಡು ಸೋಪನ್ನ ಸರಿಯಾಗಿ ಹೋಲಿಸಿ ನೋಡೋದು ಹೇಗೆ?"

ಒಂದೇ ದಿನ, ಒಂದೇ ಮುಖದ ಮೇಲೆ. ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಇನ್ನೊಂದು. ಬ್ಲೇಡು, ನೀರು, ಬ್ರಷ್ ಒಂದೇ ಇರಲಿ, ನಡುವೆ ಬ್ರಷ್ ತೊಳೆಯಿರಿ. ಮಾರನೇ ಸಲ ಕೆನ್ನೆ ಅದಲು ಬದಲು ಮಾಡಿ. ಬಲಗೈಯವರಿಗೆ ಒಂದು ಬದಿ ಯಾವಾಗಲೂ ಸುಲಭ, ಅದಕ್ಕೆ.

ನೊರೆ ಎಷ್ಟು ಬೆಟ್ಟದಷ್ಟು ಬಂತು ಅಂತ ನೋಡಬೇಡಿ. ಬಹಳ ಜನ ಇಲ್ಲೇ ದಾರಿ ತಪ್ಪುವುದು. ನೊರೆ ನೋಡಲು ಚೆಂದ, ಕೆಲಸ ಮಾಡುವುದು ಅದರ ತಳದಲ್ಲಿ ಚರ್ಮಕ್ಕೆ ಅಂಟಿದ ತೆಳ್ಳನೆ ಜಾರು ಪದರ. ಅದನ್ನು ಹೀಗೆ ಪರೀಕ್ಷಿಸಿ: ರೇಜರ್ ಒಂದು ಸಲ ಎಳೆದು ನೊರೆ ಹೋದ ಜಾಗದಲ್ಲಿ, ಮತ್ತೆ ಹಚ್ಚದೆ, ಒದ್ದೆ ಬೆರಳಾಡಿಸಿ. ಇನ್ನೂ ಜಾರುತ್ತಿದ್ದರೆ ಒಳ್ಳೇ ಸೋಪು. ಬೆರಳು ತಡೆದು ನಿಂತರೆ, ಅಲ್ಲಿ ಎರಡನೇ ಸಲ ಬ್ಲೇಡು ಹಾಕಿದರೆ ಉರಿ ಗ್ಯಾರಂಟಿ. ಎರಡನೆಯದು, ಮುಖ ತೊಳೆದು ಅರ್ಧ ಗಂಟೆ ಏನೂ ಹಚ್ಚದೆ ಬಿಡಿ. ಯಾವ ಕೆನ್ನೆ ಬಿಗಿದುಕೊಂಡಿತು ಅಂತ ನೋಡಿ. ವಾಸನೆಗೆ ಕೊನೇ ಅಂಕ ಕೊಡಿ.

## ಚರ್ಮದ ವಿಷಯ

"ಶೇವ್ ಆದ ಮೇಲೆ ಕುತ್ತಿಗೆ ಉರಿಯುತ್ತೆ. ಸೋಪು ಬದಲಾಯಿಸಲಾ?"

ಮೊದಲು ಕುತ್ತಿಗೆಯ ಕೂದಲು ಯಾವ ಕಡೆ ಬೆಳೆಯುತ್ತದೆ ಅಂತ ಬೆರಳಾಡಿಸಿ ನೋಡಿ. ಬಹಳ ಜನರಿಗೆ ಅಲ್ಲಿ ಕೂದಲು ಅಡ್ಡಡ್ಡ, ಇಲ್ಲವೇ ಮೇಲ್ಮುಖವಾಗಿ ಬೆಳೆಯುತ್ತದೆ. ಅದು ತಿಳಿಯದೆ ಎದುರು ದಿಕ್ಕಿಗೆ ಎಳೆದರೆ ಯಾವ ಸೋಪೂ ಕಾಪಾಡಲ್ಲ. ಎರಡು ಮೂರು ನಿಮಿಷ ನೀರು, ನೊರೆ ಕೂತಿರಲಿ. ನೀರು ಕುಡಿದ ಕೂದಲು ಸಲೀಸಾಗಿ ಕತ್ತರಿಸುತ್ತದೆ. ಕೈ ಹಗುರ ಇರಲಿ.

ಇಷ್ಟು ಮಾಡಿಯೂ ಉರಿದರೆ ಆಗ ಸೋಪಿನ ಮೇಲೆ ಅನುಮಾನ ಪಡಿ. ಸೋಪು ಅಂದಮೇಲೆ ಕ್ಷಾರ ಇದ್ದದ್ದೇ, ಪಿಎಚ್ 9–10ರ ಆಸುಪಾಸು. ಚರ್ಮದ್ದು 5ರ ಹತ್ತಿರ. ಹೆಚ್ಚಿನವರಿಗೆ ಇದು ತೊಂದರೆ ಕೊಡಲ್ಲ, ಸ್ವಲ್ಪ ಹೊತ್ತಿಗೆ ಚರ್ಮ ಸರಿಹೋಗುತ್ತದೆ. ಸುವಾಸನೆ ಇಲ್ಲದ ಸೋಪು ಒಂದೆರಡು ವಾರ ಬಳಸಿ ನೋಡಿ. ಕೀವು, ಗಂಟು, ಒಳಗೇ ಸುತ್ತಿಕೊಂಡ ಕೂದಲು ಇದ್ದರೆ ಸೋಪಿನ ಅಂಗಡಿ ಬಿಟ್ಟು ಚರ್ಮದ ಡಾಕ್ಟರ ಹತ್ತಿರ ಹೋಗಿ.

"ಪಟಕದ ಕಲ್ಲು ಉಜ್ಜಬಹುದಾ? ಅಪ್ಪಾಜಿ ಅದನ್ನೇ ಉಜ್ಜುತ್ತಿದ್ರು."

ಧಾರಾಳವಾಗಿ. ಸಣ್ಣ ಗೀರಿನ ರಕ್ತ ನಿಲ್ಲಿಸುತ್ತದೆ. ಒದ್ದೆ ಮುಖದ ಮೇಲೆ ಹಗುರಾಗಿ ಆಡಿಸಿ, ಅರ್ಧ ನಿಮಿಷ ಬಿಟ್ಟು ತೊಳೆಯಿರಿ. ಹಾಗೇ ಬಿಟ್ಟರೆ ಚರ್ಮ ಒಣಗುತ್ತದೆ. ಎಲ್ಲಿ ಚುರುಗುಟ್ಟಿತೋ ಅಲ್ಲಿ ನಿಮ್ಮ ಕೈ ಭಾರವಾಗಿತ್ತು. ಒಂದು ಕಲ್ಲನ್ನು ಇಬ್ಬರು ಬಳಸಬೇಡಿ.

"ಬೇಸಿಗೇಲಿ ಮೆಂಥಾಲ್ ಸೋಪು ನಿಜಕ್ಕೂ ತಂಪು ಮಾಡುತ್ತಾ?"

ಚರ್ಮದ ಬಿಸಿ ಇಳಿಯುವುದಿಲ್ಲ, ತಂಪಿನ ನರಗಳನ್ನು ಅದು ಎಚ್ಚರಿಸುತ್ತದೆ ಅಷ್ಟೇ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಅಷ್ಟಾದರೂ ದೊಡ್ಡದು.

## ಸ್ವಲ್ಪ ಒಳಗಿನವು

"ಸ್ಟಿಯರಿಕ್ ಆಸಿಡ್ ಜಾಸ್ತಿ ಇರೋದೇ ಒಳ್ಳೇ ಸೋಪು ಅಂತಾರೆ. ಯಾಕೆ?"

ನೊರೆಯ ಗುಣ ಎಣ್ಣೆಯ ಮೇಲೆ ನಿಂತಿದೆ. ಕೊಬ್ಬರಿ ಎಣ್ಣೆಯಿಂದ ಬರುವ ಸೋಪು ತಕ್ಷಣ ದೊಡ್ಡ ಗುಳ್ಳೆ ಕೊಡುತ್ತದೆ, ಬೇಗ ಒಡೆಯುತ್ತದೆ, ಜಾಸ್ತಿ ಇದ್ದರೆ ಚರ್ಮ ಒಣಗಿಸುತ್ತದೆ. ಸ್ಟಿಯರಿಕ್, ಪಾಮಿಟಿಕ್ ಆಸಿಡ್‌ಗಳಿಂದ ಬರುವ ನೊರೆ ನಿಧಾನ, ಆದರೆ ದಟ್ಟ. ಬಹಳ ಹೊತ್ತು ನಿಲ್ಲುತ್ತದೆ. ಶೇವಿಂಗ್‌ಗೆ ಬೇಕಾದದ್ದು ಅದೇ. ತೊಂದರೆ ಏನೆಂದರೆ, ಸ್ಟಿಯರಿಕ್ ಆಸಿಡ್ಡನ್ನು ಬರೀ ಕಾಸ್ಟಿಕ್ ಸೋಡಾ ಹಾಕಿ ಸೋಪು ಮಾಡಿದರೆ ಕಲ್ಲಾಗಿ ಕೂರುತ್ತದೆ, ತಣ್ಣೀರಲ್ಲಿ ಸರಿಯಾಗಿ ಕರಗಲ್ಲ. ಅದಕ್ಕೇ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸುತ್ತಾರೆ. ಅದು ಸೋಪನ್ನು ಮೆತ್ತಗೆ, ಕರಗುವಂತೆ ಮಾಡುತ್ತದೆ. ಬಿಲ್ಲೆಗೆ ಎರಡೂ ಬೆರೆಸುತ್ತಾರೆ, ಕ್ರೀಮಿಗೆ ಹೆಚ್ಚಾಗಿ ಪೊಟ್ಯಾಸಿಯಂ.

ಪಟ್ಟಿಯಲ್ಲಿ ಇನ್ನೊಂದು ಹೆಸರು ಹುಡುಕಿ: ಟೆಟ್ರಾಸೋಡಿಯಂ ಇಡಿಟಿಎ. ಇದು ನೀರಿನ ಕ್ಯಾಲ್ಸಿಯಂ ಅನ್ನು ಸೋಪಿನ ತಂಟೆಗೆ ಹೋಗದಂತೆ ಹಿಡಿದುಕೊಳ್ಳುತ್ತದೆ. ನಮ್ಮ ನೀರಿಗೆ ಇದು ಇರುವ ಸೋಪು ಸ್ವಲ್ಪ ಮೇಲು. ಹಾಗಂತ 600ರ ನೀರನ್ನು ಗೆದ್ದುಬಿಡುವುದಿಲ್ಲ.

"ಲ್ಯಾನೊಲಿನ್ ಅಂದ್ರೆ ಏನು?"

ಕುರಿ ಉಣ್ಣೆಯ ಜಿಡ್ಡು. ಚಳ್ಳಕೆರೆ ಕಡೆ ಹೊಸ ಕರೀ ಕಂಬಳಿ ಮುಟ್ಟಿದವರಿಗೆ ಕೈಗೆ ಅಂಟುವ ಆ ಜಿಡ್ಡಿನ ಪರಿಚಯ ಇರುತ್ತದೆ. ಅದನ್ನೇ ಶುದ್ಧ ಮಾಡಿ ಸೋಪಿಗೆ ಸೇರಿಸುತ್ತಾರೆ. ಉಣ್ಣೆ ತೊಳೆದಾಗ ಸಿಗುವುದರಿಂದ ಕುರಿ ಕೊಯ್ಯಬೇಕಿಲ್ಲ. ಕೆಲವರಿಗೆ ಅಲರ್ಜಿ ಆಗುತ್ತದೆ, ಮೊದಲು ಮೊಣಕೈ ಒಳಬದಿಗೆ ಹಚ್ಚಿ ನೋಡಿ.

"ನಂದು ಚಳ್ಳಕೆರೆ ಅಣ್ಣಾ. ಶೇಂಗಾ ಎಣ್ಣೆ ಮಿಲ್ಲಿಂದ್ಲೇ ಸಿಗ್ತದೆ. ಮನೇಲೇ ಶೇವಿಂಗ್ ಸೋಪು ಮಾಡಬಹುದಾ?"

ಎಣ್ಣೆಯ ಊರಿನವರಿಗೆ ಈ ಆಸೆ ಬರುವುದು ಸಹಜ ತಮ್ಮಾ. ಆದರೆ ಶೇಂಗಾ ಎಣ್ಣೆಯಲ್ಲಿ ಹೆಚ್ಚಿನ ಪಾಲು ಓಲೆಯಿಕ್, ಲಿನೊಲೆಯಿಕ್ ಆಸಿಡ್. ಸ್ಟಿಯರಿಕ್ ತೀರಾ ಕಡಿಮೆ. ಅದರ ಸೋಪು ಮೆತ್ತಗೆ ಲೋಳೆಯಾಗುತ್ತದೆ, ನೊರೆ ಸೊರಗುತ್ತದೆ. ಒಗ್ಗರಣೆಗೆ ಅದಕ್ಕೆ ಸಾಟಿ ಇಲ್ಲ, ಅಲ್ಲೇ ಇರಲಿ.

ಮಾಡಲೇಬೇಕು ಅಂದರೆ ಸ್ಟಿಯರಿಕ್ ಆಸಿಡ್, ಸ್ವಲ್ಪ ಕೊಬ್ಬರಿ ಎಣ್ಣೆ, ಗ್ಲಿಸರಿನ್ ಹಿಡಿದು ಹೊರಡಿ. ಇವನ್ನು ಸೋಪು ಮಾಡಲು ಬೆರೆಸುವ ಕ್ಷಾರ (ಕಾಸ್ಟಿಕ್ ಸೋಡಾ, ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಕನ್ನಡಕ, ಕೈಗವಸು ಬೇಕೇ ಬೇಕು. ನೀರಿಗೆ ಕ್ಷಾರ ಹಾಕಬೇಕು, ಕ್ಷಾರಕ್ಕೆ ನೀರು ಸುರಿಯಬಾರದು. ಅಲ್ಯುಮಿನಿಯಂ ಪಾತ್ರೆ ಮುಟ್ಟಬೇಡಿ, ಕ್ಷಾರ ಅದನ್ನು ತಿಂದು ಬೆಂಕಿ ಹಿಡಿಯುವ ಹೈಡ್ರೋಜನ್ ಬಿಡುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಯೋಚನೆಯನ್ನೇ ಬಿಡಿ.

"ಸಲೂನಿಗೆ ನನ್ನ ಸೋಪು, ಬ್ರಷ್ ತಗೊಂಡು ಹೋದ್ರೆ ಅವರು ಬೇಜಾರು ಮಾಡ್ಕೋತಾರಾ?"

ಮಾಡಿಕೊಳ್ಳಲ್ಲ, ನಯವಾಗಿ ಹೇಳಿದರೆ. "ಅಣ್ಣಾ, ನನ್ನ ಚರ್ಮ ಸ್ವಲ್ಪ ಸೂಕ್ಷ್ಮ" ಅಂದರೆ ಸಾಕು. ಬ್ಲೇಡು ಎದುರಿಗೇ ಹೊಸದು ಹಾಕಿಸಿಕೊಳ್ಳುವ ನಾವು ಹತ್ತು ಜನಕ್ಕೆ ಆಡಿಸಿದ ಬ್ರಷ್ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಮೊದಲನೇ ಮಹಾಯುದ್ಧದ ಕಾಲಕ್ಕೆ ಸರಿಯಾಗಿ ಶುದ್ಧ ಮಾಡದ ಕುದುರೆ ಕೂದಲಿನ ಬ್ರಷ್‌ಗಳಿಂದ ಆಂಥ್ರಾಕ್ಸ್ ಹರಡಿತ್ತು. ಈಗ ಆ ಭಯ ಇಲ್ಲ, ಆದರೆ ಸ್ವಂತ ಬ್ರಷ್ ಇದ್ದರೆ ಒಳ್ಳೆಯದೇ.

"ಬಿಲ್ಲೆ ಬಿರುಕು ಬಿಟ್ಟಿದೆ. ಎಸೆಯಲಾ?"

ಬೇಡ. ಗಾಳಿ ಒಣಗಿದ್ದಕ್ಕೆ ಬಿಟ್ಟ ಬಿರುಕು ಅದು, ಸೋಪು ಕೆಟ್ಟಿಲ್ಲ. ಶೇವ್‌ಗೆ ಮುಂಚೆ ಮೇಲೆ ಒಂದು ಚಮಚ ಬಿಸಿನೀರು ಹಾಕಿ ಐದು ನಿಮಿಷ ಬಿಡಿ. ಚೂರಾಗಿದ್ದರೆ ಹೆರೆದು, ಸ್ವಲ್ಪ ನೀರು ಚಿಮುಕಿಸಿ, ಬಟ್ಟಲಿಗೆ ಒತ್ತಿ ಕೂರಿಸಿ. ಬಳಸಿದ ಮೇಲೆ ತಕ್ಷಣ ಮುಚ್ಚಳ ಹಾಕಬೇಡಿ, ತೇವ ಆರಲಿ. ಎಸೆಯಬೇಕಾದದ್ದು ಹಳಸಿದ ಎಣ್ಣೆ ವಾಸನೆ ಬಂದಾಗ, ಅಥವಾ ಕಂದು ಚುಕ್ಕೆ ಎದ್ದಾಗ. ಹಾಗಾಗದೆ ಇದ್ದರೆ ಗಟ್ಟಿ ಬಿಲ್ಲೆ ವರ್ಷಗಟ್ಟಲೆ ಇರುತ್ತದೆ. ಮೆತ್ತನೆ ಸೋಪು, ಕ್ರೀಮಿಗೆ ಡಬ್ಬಿಯ ಮೇಲಿನ ತಾರೀಖೇ ಲೆಕ್ಕ.